ಹೆಸರು ಓದಿದವರಿಗೆ ನಿಧಿ

ಜಿಪಿಎಸ್ ನೆರವಿನಿಂದ ಆಡುವ ನಿಧಿ ಹುಡುಕಾಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಸರ್ಕಾರ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಅಡಗಿಸಿಟ್ಟು, ಅದಿರುವ ಅಕ್ಷಾಂಶ, ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಆಟ ಶುರುವಾದದ್ದು ಹೀಗೆ. ಇಲ್ಲಿ ನಿಧಿ ಎಂದರೆ ನೀರು ಒಳಹೋಗದ ಸಣ್ಣ ಡಬ್ಬಿ. ಅದರೊಳಗಿನ ಕಾಗದದಲ್ಲಿ ಸಹಿ ಹಾಕಿದರೆ ಗೆದ್ದಂತೆ.

ಬ್ರಿಟನ್ನಿನಲ್ಲಿ ಈ ಆಟಕ್ಕೆ ಊರಿನ ಯುದ್ಧ ಸ್ಮಾರಕ ಒದಗಿಬಂದಿದೆ. ಮೊದಲ ಮಹಾಯುದ್ಧದಲ್ಲಿ ಮಡಿದವರ ದೇಹಗಳನ್ನು ತಾಯ್ನಾಡಿಗೆ ತರುವುದನ್ನು ಅಲ್ಲಿನ ಆಡಳಿತ ನಿಷೇಧಿಸಿತ್ತು. ಮಗನ ಸಮಾಧಿ ದೂರದ ಫ್ರಾನ್ಸಿನಲ್ಲೋ ಬೆಲ್ಜಿಯಮ್ಮಿನಲ್ಲೋ ಉಳಿದಾಗ, ಊರವರು ಚಂದಾ ಎತ್ತಿ ನಿಲ್ಲಿಸಿದ ಕಲ್ಲೇ ಮನೆಯವರು ಹೂವಿಡುವ ಜಾಗವಾಯಿತು. ಶಿಲುಬೆ, ಸ್ತಂಭ, ಚರ್ಚಿನ ಗೋಡೆಯ ಫಲಕ ಎಲ್ಲವನ್ನೂ ಸೇರಿಸಿದರೆ ಇಂಥ ಸ್ಮಾರಕಗಳು ಸಾವಿರಾರು.

ಒಗಟು ಕಟ್ಟುವ ಕ್ರಮ ಸರಳ. ನಿಧಿ ಇರುವ ಜಾಗದ ಅಕ್ಷಾಂಶ, ರೇಖಾಂಶಗಳಲ್ಲಿ ಕೆಲವು ಅಂಕಿಗಳ ಬದಲು ಅಕ್ಷರಗಳನ್ನು ಇಟ್ಟಿರುತ್ತಾರೆ. ಫಲಕದ ಮೊದಲ ಹೆಸರಿನಲ್ಲಿ ಎಷ್ಟು ಅಕ್ಷರ? ಒಂದೇ ಮನೆತನದ ಹೆಸರು ಎಷ್ಟು ಸಲ ಬಂದಿದೆ? ನೌಕಾಪಡೆಯವರು ಎಷ್ಟು ಮಂದಿ? ಉತ್ತರಗಳನ್ನು ಆಯಾ ಅಕ್ಷರದ ಜಾಗದಲ್ಲಿ ತುಂಬಿದರೆ ಡಬ್ಬಿಯ ಸ್ಥಾನ ತಿಳಿಯುತ್ತದೆ. ಹುಡುಕುವವರು ಲೆಕ್ಕ ತಾಳೆ ನೋಡಿಕೊಳ್ಳಲೆಂದು ಎಲ್ಲ ಅಂಕಿಗಳ ಮೊತ್ತವನ್ನೂ ಕೊಡುವುದುಂಟು.

ಮನೆಯಲ್ಲೇ ಕುಳಿತು ಉತ್ತರ ಊಹಿಸುವುದು ಕಷ್ಟ. ಯುದ್ಧ ಮುಗಿದ ವರ್ಷದ ಕೊನೆಯ ಅಂಕಿ ಕೇಳಿದರೆ ಯಾರಾದರೂ 8 ಎನ್ನುತ್ತಾರೆ. ಆದರೆ ಅನೇಕ ಸ್ಮಾರಕಗಳ ಮೇಲೆ 1914–1919 ಎಂದಿದೆ. 1918ರ ನವೆಂಬರ್ 11ರಂದು ನಿಂತದ್ದು ಕದನ. ಜರ್ಮನಿಯೊಂದಿಗಿನ ವರ್ಸೇಲ್ಸ್ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ರಂದು. ಅಕ್ಷಾಂಶದ ಒಂದು ಮಿನಿಟಿನ ಹತ್ತನೇ ಒಂದು ಭಾಗ ತಪ್ಪಿದರೂ ಜಾಗ ಸುಮಾರು 185 ಮೀಟರ್ ಸರಿಯುತ್ತದೆ. ಹಾಗಾಗಿ ಕಲ್ಲಿನ ಮುಂದೆ ನಿಂತು ಓದಲೇಬೇಕು. ಈ ಒಗಟಿನ ನಿಜವಾದ ಬೆಲೆ ಇರುವುದು ಇಲ್ಲಿಯೇ: ದಿನವೂ ಆ ದಾರಿಯಲ್ಲಿ ಓಡಾಡುವವರೂ ಓದದ ಹೆಸರುಗಳನ್ನು ಅದು ಒಂದೊಂದಾಗಿ ಓದಿಸುತ್ತದೆ. ಒಂದೇ ಮನೆತನದ ಹೆಸರು ಮೂರು ಸಲ ಕಂಡಾಗ, ಅವರು ಅಣ್ಣತಮ್ಮಂದಿರೇ ಎಂದು ಹುಡುಕಲು ಹೊರಡುವ ಮಕ್ಕಳು ಇತಿಹಾಸದ ಬಾಗಿಲಿಗೆ ಬಂದಂತೆಯೇ.

ಇಂಥ ಒಗಟು ಕಟ್ಟುವವರು ಸ್ಮಾರಕದ ಘನತೆ ಕಾಯಬೇಕು. ಸುಳಿವು ಮಾತ್ರ ಕಲ್ಲಿನಲ್ಲಿರಲಿ. ಡಬ್ಬಿಯನ್ನು ಅಲ್ಲಿಂದ ದೂರ, ಜಾಗದ ಒಡೆಯರ ಒಪ್ಪಿಗೆ ಪಡೆದು ಇಡಬೇಕು. ಕಲ್ಲನ್ನು ಹತ್ತುವಂತೆ, ಹೂಗುಚ್ಛಗಳನ್ನು ಸರಿಸುವಂತೆ ಮಾಡುವ ಪ್ರಶ್ನೆ ಕೇಳಬಾರದು. ಪ್ರತಿವರ್ಷ ನವೆಂಬರಿನಲ್ಲಿ ನಡೆಯುವ ಸ್ಮರಣೆಯ ಹೊತ್ತಿನಲ್ಲಿ ಹುಡುಕಾಟಕ್ಕೆ ಬಿಡುವು ಕೊಡುವುದು ಒಳ್ಳೆಯದು.