ಕೊನೆಯ ಡಬ್ಬಿಯ ಮಿನುಗು ದೀಪ

ರಾತ್ರಿ ಹೊತ್ತು ಕಾಸರಗೋಡು ನಿಲ್ದಾಣದಿಂದ ಹೊರಟ ಗಾಡಿಯ ಕೊನೆಯ ಡಬ್ಬಿಯಲ್ಲಿ ಕೆಂಪು ದೀಪವೊಂದು ಮಿನುಗುತ್ತ ದೂರವಾಗುವುದನ್ನು ಓದುಗರು ಕಂಡಿರಬಹುದು. "ಅದು ಸುಮ್ಮನೆ ಉರಿದರೆ ಸಾಲದಾ ಮಾಷ್ಟ್ರೇ?" ಎಂದು ನಮ್ಮ ತರಗತಿಯ ಹುಡುಗನೊಬ್ಬ ಕೇಳಿದ.

ದೀಪ ಅಲಂಕಾರಕ್ಕಲ್ಲವಷ್ಟೆ. ಗಾಡಿ ಇಡಿಯಾಗಿ ಬಂತು, ನಡುವೆ ಕೊಂಡಿ ಕಳಚಿ ಡಬ್ಬಿಗಳು ಹಿಂದೆ ಉಳಿದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಉಳಿದಿದ್ದರೆ, ಹಿಂದಿನಿಂದ ಬರುವ ಗಾಡಿಯ ಗತಿಯೇನು? ಈಗ ಹಲವೆಡೆ ಹಳಿಯ ಬಳಿ ಆಕ್ಸಲ್ ಎಣಿಸುವ ಯಂತ್ರಗಳಿವೆ. ಆದರೂ ಕೊನೆಯ ಡಬ್ಬಿಯ ಗುರುತಿಗೆ ಬೆಲೆ ಉಂಟು. ಮಿನುಗುವ ಬೆಳಕು ಬೇಗ ಕಣ್ಣಿಗೆ ಬೀಳುತ್ತದೆ. ಅರ್ಧ ಹೊತ್ತು ಆರಿರುವುದರಿಂದ ಬ್ಯಾಟರಿಯೂ ಹೆಚ್ಚು ಕಾಲ ಬರುತ್ತದೆ.

ಇಂಥದೊಂದು ದೀಪವನ್ನು ಮಕ್ಕಳೊಡನೆ ಮಾಡಿ ನೋಡಿದೆವು. ಎರಡು ಟ್ರಾನ್ಸಿಸ್ಟರುಗಳನ್ನು ಕೆಪಾಸಿಟರುಗಳ ಮೂಲಕ ಒಂದಕ್ಕೊಂದು ಅಡ್ಡಡ್ಡ ಜೋಡಿಸಬೇಕು. ಒಂದು ಕೆಲಸ ಮಾಡುವಾಗ ಇನ್ನೊಂದು ಸುಮ್ಮನಿರುತ್ತದೆ. ಕೆಪಾಸಿಟರಿನ ವಿದ್ಯುತ್ತು ರೆಸಿಸ್ಟರಿನ ಮೂಲಕ ಹರಿಯುತ್ತಿದ್ದಂತೆ ಸರದಿ ಬದಲಾಗುತ್ತದೆ. 100 ಮೈಕ್ರೋಫ್ಯಾರಡ್, 10,000 ಓಮ್ ಇಟ್ಟರೆ ಒಂದೊಂದು ಸರದಿಗೆ ಸುಮಾರು 0.7 ಸೆಕೆಂಡು, ನಿಮಿಷಕ್ಕೆ 43 ಮಿನುಗು. ಬಲ್ಬಿನ ಭಾರವನ್ನು ಮೂರನೆಯ, ದೊಡ್ಡ ಟ್ರಾನ್ಸಿಸ್ಟರಿಗೆ ಹೊರಿಸುವುದು ಲೇಸು.

ಮಾಡಿದ್ದು ಸುಲಭ, ಬಾಳಿಸಿದ್ದು ಕಷ್ಟ. ಮೊದಲ ಬಲ್ಬು ಎರಡನೆಯ ದಿನವೇ ಹೋಯಿತು. ಟಂಗ್‌ಸ್ಟನ್ ತಂತು ತಣ್ಣಗಿರುವಾಗ ಅದರ ರೋಧ, ಕಾದಾಗಿನದರ ಹತ್ತರಲ್ಲೊಂದು ಪಾಲು ಮಾತ್ರ. ಆದ್ದರಿಂದ ಹೊತ್ತಿಸಿದ ಕ್ಷಣ ಹತ್ತು ಪಟ್ಟು ವಿದ್ಯುತ್ತು ನುಗ್ಗುತ್ತದೆ. ಮನೆಯ ಹಳೆಯ ಬಲ್ಬುಗಳೂ ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ ಹೋಗುತ್ತಿದ್ದುದು ಇದಕ್ಕೇ. ಮಿನುಗು ದೀಪಕ್ಕಾದರೋ ಈ ಪೆಟ್ಟು ನಿಮಿಷಕ್ಕೆ 43 ಸಲ!

ಮದ್ದು ಎರಡು. ಟ್ರಾನ್ಸಿಸ್ಟರಿಗೆ ಅಡ್ಡಲಾಗಿ ರೆಸಿಸ್ಟರೊಂದನ್ನು ಹಾಕಿ, ಆರಿರುವಾಗಲೂ ತಂತುವನ್ನು ಬೆಳಕು ಕಾಣದಷ್ಟು ಬೆಚ್ಚಗಿಡುವುದು. ಇದರಿಂದ ಬ್ಯಾಟರಿಗೆ ತುಸು ನಷ್ಟವೇ. ಇನ್ನೊಂದು, ವೋಲ್ಟೇಜನ್ನು ಇಳಿಸುವುದು: ಶೇಕಡಾ 5 ಇಳಿಸಿದರೆ ಬೆಳಕು ಸುಮಾರು 16 ಕಡಿಮೆಯಾದೀತು, ಆಯುಷ್ಯ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಸಿಗ್ನಲ್ ದೀಪಗಳಿಗೆ ರೈಲ್ವೆಯವರು ಎರಡು ತಂತುಗಳ ಬಲ್ಬು ಬಳಸಿದ್ದುಂಟು. ಒಂದು ತುಂಡಾದರೆ ಇನ್ನೊಂದು ಉರಿಯಬೇಕು. ಇಂದಿನ ಎಲ್.ಇ.ಡಿ.ಗೆ ತಂತುವೇ ಇಲ್ಲ. ಆದರೆ ಜತೆಗೆ ರೆಸಿಸ್ಟರಿಲ್ಲದೆ ನೇರ ಬ್ಯಾಟರಿಗೆ ಕೊಟ್ಟರೆ ಕ್ಷಣದಲ್ಲಿ ಸುಟ್ಟೀತು.

ನಮ್ಮ ಎರಡನೆಯ ಬಲ್ಬು ಆಟಿ ತಿಂಗಳ ತನಕ ಬಂತು. ಆಮೇಲೆ ಒಂದು ಬೆಳಿಗ್ಗೆ ದೀಪ ಹೊತ್ತಲಿಲ್ಲ. ಬಿಚ್ಚಿ ನೋಡಿದರೆ ಬಲ್ಬು ಸರಿಯಾಗಿಯೇ ಇತ್ತು. ಮಳೆಗಾಲದ ಉಪ್ಪುಗಾಳಿಗೆ ಬ್ಯಾಟರಿಯ ತಾಮ್ರದ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ, ವಯರು ಬಿಗಿದು, ಮೇಲೆ ವ್ಯಾಸಲಿನ್ ಸವರಿದೆವು.