ಅವ್ವನ ಸೊಂಟನೋವು, ನಮ್ಮ ಎದೆಬಡಿತ

“ಯಾಕೋ ಸೊಂಟ ಭಾಳ ನೋಯಾಕತ್ತದ...” ದಾಂಡೇಲಿಯಿಂದ ಅವ್ವನ ಫೋನ್. ನೀವು ಬೆಂಗಳೂರಿನ ಆಫೀಸಿನಲ್ಲಿ. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲಾ ಮುಗಿದು ಎರಡು ವರ್ಷ. ಆದ್ರೂ ಎದೆ ಧಸಕ್ ಅನ್ನುತ್ತೆ: ಮೂಳೆಗೆ ಹರಡಿತಾ?

ಈ ಭಯ ಸಹಜ. ಸ್ತನ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಹೋಗುವುದು ಮೂಳೆ, ಶ್ವಾಸಕೋಶ, ಯಕೃತ್ತು, ಮೆದುಳಿಗೆ. ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರಿಗೆ ಇನ್ನೊಂದು ಚಿಂತೆಯೂ ಇದೆ: ದೂರ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ದಾಂಡೇಲಿಯಿಂದಲೇ ಸುಮಾರು 75 ಕಿ.ಮೀ.; ಜೋಯಿಡಾದ ಕಾಡಿನ ಹಳ್ಳಿಗಳಿಂದ ಇನ್ನೂ ದೂರ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಉತ್ತರ ಕನ್ನಡದ ಯುವಜನ ಸೋಷಿಯಲ್ ಮೀಡಿಯಾದಲ್ಲಿ ಕೂಗೆಬ್ಬಿಸಿದ್ದು ನೆನಪಿರಬಹುದು. ಹೀಗಾಗಿ ಪ್ರತಿ ನೋವಿಗೂ ಒಂದೇ ಪ್ರಶ್ನೆ: ಈಗಲೇ ಹೋಗಬೇಕಾ, ಕಾಯಬಹುದಾ?

ಎರಡು ವಾರದ ಲೆಕ್ಕ

ಎಲ್ಲಾ ನೋವೂ ಕ್ಯಾನ್ಸರ್ ಅಲ್ಲ. ಲೆಟ್ರೊಜೋಲ್‌ನಂಥ ಮಾತ್ರೆಯಿಂದಲೇ ಕೀಲುನೋವು ಬರೋದು ಸಾಮಾನ್ಯ. ಆದರೆ ಇವು ಎರಡು ವಾರವಾದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ:

• ಮಲಗಿದರೂ ಕಡಿಮೆಯಾಗದ, ದಿನೇದಿನೇ ಹೆಚ್ಚುವ ಮೂಳೆನೋವು
• ಬಿಡದ ಕೆಮ್ಮು, ಏದುಸಿರು
• ಕಾರಣವಿಲ್ಲದೆ ತೂಕ ಇಳಿಯುವುದು


ಆಪರೇಷನ್ ಆದ ಜಾಗದಲ್ಲಿ, ಕಂಕುಳಲ್ಲಿ ಹೊಸ ಗಂಟು ಕಂಡರೆ, ಕಣ್ಣು ಹಳದಿಯಾದರೆ, ವಾಂತಿಯ ಜೊತೆ ತಲೆನೋವು ಬಂದರೆ ಕಾಯುವುದೇ ಬೇಡ. ಬೆನ್ನುನೋವಿನ ಜೊತೆ ಕಾಲಿನ ಬಲ ಹೋದರೆ, ಮೂತ್ರದ ಹಿಡಿತ ತಪ್ಪಿದರೆ, ಫಿಟ್ಸ್ ಬಂದರೆ, ಉಸಿರಾಡಲು ತೀರಾ ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ.

‘ಒಂದು ಫುಲ್ ಬಾಡಿ ಸ್ಕ್ಯಾನ್ ಮಾಡಿಸಿಬಿಡೋಣ’

ದುಡಿಯುವ ಮಕ್ಕಳು ಮೊದಲು ಹೇಳೋ ಮಾತಿದು. 1994ರಲ್ಲಿ ಇಟಲಿಯ ಎರಡು ಅಧ್ಯಯನಗಳು ಇದನ್ನೇ ಪರೀಕ್ಷಿಸಿದವು. ಎರಡೂ ಸೇರಿ 2,500ಕ್ಕೂ ಹೆಚ್ಚು ಮಹಿಳೆಯರು. ತೊಂದರೆ ಇಲ್ಲದಿದ್ದರೂ ಪದೇ ಪದೇ ಎಕ್ಸ್‌ರೇ, ಸ್ಕ್ಯಾನ್ ಮಾಡಿಸಿಕೊಂಡವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಅದಕ್ಕೇ ಲಕ್ಷಣ ಇಲ್ಲದವರಿಗೆ ಸ್ಕ್ಯಾನ್ ಬರೆದುಕೊಡದ ಡಾಕ್ಟರು ಅಸಡ್ಡೆ ಮಾಡುತ್ತಿದ್ದಾರೆ ಅಂದ್ಕೋಬೇಡಿ.

ಬೇಕಿರೋದು ಇಷ್ಟು: ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರ ತಪಾಸಣೆ. ಉಳಿದ ಸ್ತನಕ್ಕೆ ವರ್ಷಕ್ಕೊಂದು ಮ್ಯಾಮೊಗ್ರಾಮ್.

ಮಾತ್ರೆ ತಪ್ಪಿಸಬೇಡಿ

ಹಾರ್ಮೋನ್ ಪಾಸಿಟಿವ್ ಕ್ಯಾನ್ಸರ್ ಆಗಿದ್ದರೆ ಟ್ಯಾಮೊಕ್ಸಿಫೆನ್ ಅಥವಾ ಲೆಟ್ರೊಜೋಲ್‌ನಂಥ ಮಾತ್ರೆ 5ರಿಂದ 10 ವರ್ಷ ಬೇಕು. “ಈಗ ಆರಾಮ ಅದೀನಲ್ಲ” ಅಂತ ಬಿಡುವವರಿದ್ದಾರೆ. ಮಳೆಗಾಲದಲ್ಲಿ ಪೇಟೆಗೆ ಹೋಗಲಾಗದೆ ಬಿಟ್ಟುಹೋಗುವುದೂ ಇದೆ. ಕಾಯಿಲೆ ಮರಳದಂತೆ ತಡೆಯುವ ನಿಜವಾದ ಅಸ್ತ್ರ ಇದೇ. ಜೂನ್‌ಗೆ ಮೊದಲೇ ಮೂರು ತಿಂಗಳಿನದು ತರಿಸಿಡಿ. ಅಡ್ಡಪರಿಣಾಮ ತಡೆಯಲಾಗದಿದ್ದರೆ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಿಸಬಹುದು. ಫೈಲಿನ ಪ್ರತಿ ಹಾಳೆಯ ಫೋಟೊ ನಿಮ್ಮ ಫೋನಿನಲ್ಲಿರಲಿ.

ಭಯದಿಂದ ಅವ್ವನಿಗೆ ನಿದ್ದೆ, ಊಟ ಸೇರದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈಗ ಗೂಗಲ್ ಮುಚ್ಚಿ, ಅವ್ವನಿಗೆ ವಾಪಸ್ ಫೋನ್ ಮಾಡಿ. ಯಾವಾಗಿಂದ ನೋವು? ಮಲಗಿದಾಗಲೂ ಇರುತ್ತಾ? ಕಾಲು ಜೋಮು ಹಿಡಿಯುತ್ತಾ? ಮಾತ್ರೆ ತಗೊಂಡ್ಯಾ? ಇವತ್ತಿನ ತಾರೀಖಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ವಾರದೊಳಗೆ ನೋವು ಹೋದರೆ ಸಂತೋಷ. ಹೋಗದಿದ್ದರೆ ರಜೆ ಹಾಕಿ, ಅವ್ವನ ಜೊತೆ ನೀವೇ ಹುಬ್ಬಳ್ಳಿ ಬಸ್ ಹತ್ತಿ.