ಹಿನ್ನೀರಿಗೆ ಹೋಗುವ ಮುನ್ನ

ಮಕ್ಕಳೇ, ಹಗ್ಗ ಬಿಟ್ಟು ಅಲೆಯ ಮೇಲೆ ನಿಂತು ಹೋಗುವ ಆಟವನ್ನು ನೋಡಿದ್ದೀರಾ? ವೇಕ್ ಸರ್ಫಿಂಗ್ ಅಂತ ಅದರ ಹೆಸರು. ಮುಂದೆ ಒಂದು ಮೋಟಾರು ದೋಣಿ ಓಡುತ್ತದೆ. ಅದರ ಹಿಂದೆ ನೀರು ಗುಡ್ಡೆಯಾಗಿ ಏಳುತ್ತದೆ. ಆಟಗಾರ ಒಂದು ಹಲಗೆಯ ಮೇಲೆ, ದೋಣಿಗೆ ಕಟ್ಟಿದ ಹಗ್ಗ ಹಿಡಿದು ಎದ್ದು ನಿಲ್ಲುತ್ತಾನೆ. ಅಲೆ ಕಾಲಿಗೆ ಸಿಕ್ಕಿತು ಅನ್ನಿಸಿದ ಕೂಡಲೇ ಹಗ್ಗ ಬಿಟ್ಟುಬಿಡುತ್ತಾನೆ. ಆಮೇಲೆ ಅವನನ್ನು ಎಳೆಯುವವರು ಯಾರೂ ಇಲ್ಲ, ಅಲೆಯೇ ತಳ್ಳುತ್ತದೆ. ಇಳಿಜಾರಿನಲ್ಲಿ ಸೈಕಲ್ ತುಳಿಯದೆಯೇ ಓಡುತ್ತದಲ್ಲ, ಹಾಗೆ. ವಿಶೇಷವೆಂದರೆ ಇಲ್ಲಿ ಇಳಿಜಾರೂ ಜೊತೆಗೇ ಓಡುತ್ತಿರುತ್ತದೆ. ಹಾಗಾಗಿ ಅವನು ಕೆಳಗೆ ತಲುಪುವುದೇ ಇಲ್ಲ.

ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ಇದರ ವಿಡಿಯೋ ಕಳಿಸಿ, "ಅಜ್ಜ, ಡಿಸೆಂಬರ್ ರಜೆಗೆ ಬರ್ತೀವಿ. ನಿಮ್ಮ ಕಡೆ ಅಷ್ಟೊಂದು ಡ್ಯಾಮ್ ಇದೆಯಲ್ಲ, ಇದನ್ನು ಆಡೋಣ. ನನ್ನ ಫ್ರೆಂಡ್ಸೂ ಬರ್ತಾರೆ" ಅಂದ. ನಮ್ಮ ಸೋಗಾನೆಗೆ ಬರುವುದು ಈಗ ಸುಲಭ. 2023ರ ಫೆಬ್ರುವರಿ 27ರಂದು ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆ ಆದ ಮೇಲೆ ಊರಿನ ಹೆಸರು ಎಲ್ಲರಿಗೂ ಗೊತ್ತಾಗಿದೆ. ಬರುವುದೇನೋ ಸರಿ. ಬಂದವರನ್ನು ನೀರಿಗೆ ಇಳಿಸುವುದು ಬೇರೆ ಮಾತು.

ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಯಾವುದೇ ವಿಷಯ ಬಂದರೂ ನನ್ನ ಕೈ ಮೊದಲು ಹೋಗುವುದು ಗೆರೆ ಹಾಕಿದ ನೋಟ್‌ಬುಕ್ಕಿಗೆ. ಎಡಕ್ಕೆ 'ಬೇಕು', ಬಲಕ್ಕೆ 'ಇದೆ' ಅಂತ ಬರೆದುಕೊಂಡು ಕೂತೆ. ಒಂದೊಂದೇ ಸಾಲು ಬರೆದಂತೆ ಬಲಗಡೆ ಖಾಲಿ ಉಳಿಯುತ್ತ ಹೋಯಿತು.

ಮೊದಲನೆಯದು ದೋಣಿ. ಆಟಗಾರ ದೋಣಿಯ ಬೆನ್ನಿಗೇ, ಕೆಲವೇ ಅಡಿ ಹಿಂದೆ ಇರುತ್ತಾನೆ. ನಮ್ಮ ಕಡೆಯ ಸಾಮಾನ್ಯ ಮೋಟಾರು ದೋಣಿಗಳಲ್ಲಿ ನೀರನ್ನು ಕಡೆಯುವ ರೆಕ್ಕೆ ಹಿಂಭಾಗದಲ್ಲೇ ತೂಗುತ್ತಿರುತ್ತದೆ. ಅದರ ಹಿಂದೆ ಮಕ್ಕಳನ್ನು ನಿಲ್ಲಿಸುವುದೂ ಒಂದೇ, ತಿರುಗುವ ಕಬ್ಬಿನ ಗಾಣದ ಪಕ್ಕ ಮಲಗಿಸುವುದೂ ಒಂದೇ. ಈ ಆಟಕ್ಕೆಂದೇ ಮಾಡಿದ ದೋಣಿಯಲ್ಲಿ ರೆಕ್ಕೆ ಹೊಟ್ಟೆಯ ಅಡಿಗೆ, ಒಳಕ್ಕೆ ಇರುತ್ತದೆ. ಅಲೆ ದೊಡ್ಡದಾಗಲಿ ಅಂತ ದೋಣಿಯೊಳಗೆ ಚೀಲಗಟ್ಟಲೆ ನೀರು ತುಂಬಿ ಭಾರ ಮಾಡುತ್ತಾರೆ. ವೇಗ ಹೆಚ್ಚಿಲ್ಲ, ಗಂಟೆಗೆ 16ರಿಂದ 19 ಕಿಲೋಮೀಟರ್ ಅಷ್ಟೇ. ನಮ್ಮ ಸೈಕಲ್ ವೇಗ. ಆದರೆ ಅಂಥ ದೋಣಿ ನನ್ನ 'ಇದೆ' ಕಲಮಿನಲ್ಲಿ ಇಲ್ಲ.

ಈ ಆಟಕ್ಕೆ ಒಬ್ಬ ಅಣ್ಣ ಇದ್ದಾನೆ, ನೀರಿನ ಮೇಲಿನ ಸ್ಕೀಯಿಂಗ್. ಅಮೆರಿಕದ ಮಿನಿಸೋಟದಲ್ಲಿ, ಪೆಪಿನ್ ಎಂಬ ಸರೋವರದಲ್ಲಿ, 1922ರಲ್ಲಿ ರಾಲ್ಫ್ ಸ್ಯಾಮ್ಯುಯಲ್ಸನ್ ಎಂಬ 18 ವರ್ಷದ ಹುಡುಗ ಅದನ್ನು ಶುರು ಮಾಡಿದ. ಪೀಪಾಯಿಯ ಹಲಗೆ ಕಟ್ಟಿ ನೋಡಿದ, ಮುಳುಗಿದ. ಹಿಮದ ಮೇಲೆ ಜಾರುವ ಹಲಗೆ ಕಟ್ಟಿ ನೋಡಿದ, ಮುಳುಗಿದ. ಕೊನೆಗೆ ಉದ್ದದ ಮರದ ಹಲಗೆ ತಂದು, ಅಮ್ಮನ ತಾಮ್ರದ ಹಂಡೆಯ ಕುದಿನೀರಲ್ಲಿ ತುದಿಯನ್ನು ಮೆತ್ತಗೆ ಮಾಡಿ ಮೇಲಕ್ಕೆ ಬಗ್ಗಿಸಿದ. ಆಗ ನಿಂತ. ಹಂಡೆ ಕೇಳಿದಾಗ ಅಮ್ಮ ಏನಂದಿರಬಹುದು ಅಂತ ನನ್ನ ಹೆಂಡತಿಗೆ ಕುತೂಹಲ.

ಎರಡನೆಯ ಸಾಲು ನೀರು. ನಮಗೆ ಹತ್ತಿರದ್ದು ಗಾಜನೂರಿನ ತುಂಗಾ ಹಿನ್ನೀರು. ಅಲ್ಲಿ ಸಕ್ರೆಬೈಲಿನ ಆನೆಗಳು ಬೆಳಿಗ್ಗೆ ಸ್ನಾನಕ್ಕೆ ಇಳಿಯುತ್ತವೆ. ಅವುಗಳ ಸ್ನಾನದ ಮನೆಯಲ್ಲಿ ನಾವು ಅಲೆ ಎಬ್ಬಿಸುವುದು ಮರ್ಯಾದೆಯಲ್ಲ. ಇನ್ನೊಂದು ಭದ್ರಾವತಿಯ ಆಚೆ, ಲಕ್ಕವಳ್ಳಿಯ ಭದ್ರಾ ಜಲಾಶಯ. ಅದು ಹುಲಿ ಸಂರಕ್ಷಿತ ಅರಣ್ಯಕ್ಕೆ ತಾಗಿಕೊಂಡಿದೆ. ಬೇಸಿಗೆಗೆ ನೀರಿಳಿದು ನಡುಗಡ್ಡೆಗಳು ಮೇಲೆದ್ದಾಗ ರಿವರ್ ಟರ್ನ್ ಹಕ್ಕಿಗಳು ಬಂದು ಗೂಡನ್ನೂ ಕಟ್ಟದೆ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಆಳೆತ್ತರದ ಅಲೆ ಬೇಡ, ಮೊಣಕಾಲೆತ್ತರದ ಒಂದು ಅಲೆ ಬಡಿದರೆ ಸಾಕು, ಅಂಚಿನಲ್ಲಿಟ್ಟ ಮೊಟ್ಟೆ ನೀರುಪಾಲು.

ಮೂರನೆಯದು ಶರಾವತಿ ಹಿನ್ನೀರು. ಸಾಗರ ದಾಟಿ, ತಾಳಗುಪ್ಪದ ಹತ್ತಿರ ಹೊನ್ನೆಮರಡು. ದೂರ ನಿಜ. ಆದರೆ ಹರಿಗೋಲು, ಹುಟ್ಟಿನ ದೋಣಿ, ಹಾಯಿ ಕಟ್ಟಿದ ಹಲಗೆ, ಇವನ್ನೆಲ್ಲ ಮಕ್ಕಳಿಗೆ ಕಲಿಸುವುದರಲ್ಲಿ ಆ ಊರು ಬಹಳ ವರ್ಷಗಳಿಂದ ಹೆಸರು ಮಾಡಿದೆ. ಅಲ್ಲೂ ಮೋಟಾರಿನ ಆಟ ನಮಗೆ ಬೇಡವೆಂದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಮುಳುಗಿದ ಕಾಡಿನ ಮರಗಳ ಬೊಡ್ಡೆಗಳು ನೀರೊಳಗೆ ಇನ್ನೂ ನಿಂತಿವೆ. ಬೇಸಿಗೆಯಲ್ಲಿ ಕೆಲವು ತಲೆ ತೋರಿಸುತ್ತವೆ, ಉಳಿದ ದಿನ ಅಂಗೈ ಅಗಲದ ನೀರಿನ ಕೆಳಗೆ ಅಡಗಿರುತ್ತವೆ. ವೇಗವಾಗಿ ಬರುವ ಹಲಗೆಗೂ ಅದರ ಮೇಲಿನ ಹುಡುಗನಿಗೂ ಅದು ಕಾಣುವುದಿಲ್ಲ.

ಮೊಮ್ಮಗನಿಗೆ ಫೋನಿನಲ್ಲಿ ಇಷ್ಟನ್ನೂ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹಾಗಾದ್ರೆ ಅಲೆನೇ ಇಲ್ವಾ ಅಜ್ಜ?" ಅಂದ.

ಅಲೆ ಇಲ್ಲದೆ ಏನು! ಹಿನ್ನೀರಿನ ಲಾಂಚಿನಲ್ಲಿ ಸಿಗಂದೂರಿಗೆ ಹೋದವರು ನೆನಪು ಮಾಡಿಕೊಳ್ಳಿ. ಬಸ್ಸು, ಜನ, ಬುಟ್ಟಿ ಎಲ್ಲ ಹೊತ್ತ ಲಾಂಚು ಮುಂದೆ ಸರಿದಂತೆ ಹಿಂದೆ ನೀರು ಎರಡು ಕವಲಾಗಿ, ಜಡೆ ಬಿಚ್ಚಿದ ಹಾಗೆ, ಅಗಲವಾಗುತ್ತ ಹೋಗುತ್ತಿತ್ತು. ಅದೇ ವೇಕ್. ಮಕ್ಕಳು ಅದಕ್ಕೆ ಈಗ 'ಬಾಲದಲೆ' ಅಂತ ಹೆಸರಿಟ್ಟಿದ್ದಾರೆ. 1887ರಲ್ಲಿ ಲಾರ್ಡ್ ಕೆಲ್ವಿನ್ ಎಂಬ ವಿಜ್ಞಾನಿ ಇದರ ಲೆಕ್ಕ ಹಾಕಿದರು. ಆಳದ ನೀರಿನಲ್ಲಿ ಆ ಎರಡು ಕವಲಿನ ನಡುವಿನ ಕೋನ ಸಾಮಾನ್ಯವಾಗಿ 39 ಡಿಗ್ರಿಯಷ್ಟು. ಹಡಗಾದರೂ ಅಷ್ಟೇ, ಬಾತುಕೋಳಿಯಾದರೂ ಅಷ್ಟೇ! ಇದನ್ನು ಕೇಳಿ ಮೊಮ್ಮಗನ ಗೆಳತಿಯೊಬ್ಬಳು ಕೋನಮಾಪಕ ತರುತ್ತೇನೆ ಅಂದಿದ್ದಾಳೆ. ಹಾಗಾಗಿ ನಮ್ಮ ಆಟ ಗೊತ್ತಾಯಿತು. ಒಂದು ದೋಣಿಯವರು ಜೋರಾಗಿ ಹುಟ್ಟು ಹಾಕಿ ಬಾಲದಲೆ ಎಬ್ಬಿಸಬೇಕು, ಹಿಂದಿನ ದೋಣಿಯವರು ಅದರ ಮೇಲೆ ಹತ್ತಿ ಹುಟ್ಟು ಎತ್ತಿಬಿಡಬೇಕು. ಎಷ್ಟು ದೂರ ಪುಕ್ಕಟೆ ಹೋಗುತ್ತಾರೋ ಅಷ್ಟು ಅಂಕ. ನೀರುಕಾಗೆ ಈಜಿದರೆ ಅದರ ಕೋನ ಅಳೆದವರಿಗೆ ಹತ್ತು ಅಂಕ ಹೆಚ್ಚು.

ಜಾಗ ಗೊತ್ತಾದ ಮೇಲೆ ನನ್ನ ವಾಕಿಂಗ್ ಗುಂಪಿಗೆ ಹೇಳಿದೆ. ನಾವು ಐದು ಜನ. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿದ್ದ ಗೆಳೆಯರು ತಕ್ಷಣ ಒಪ್ಪಿದರು. ಮೇಷ್ಟ್ರು ಮಾತ್ರ ನಡೆಯುತ್ತಿದ್ದವರು ನಿಂತರು. "ಹೊನ್ನೆಮರಡು ಕಡೆಯಾ?" ಅಂದರು. ಮತ್ತೆ ನಾಲ್ಕು ಹೆಜ್ಜೆ ಹಾಕಿ, "ನೀವು ಹೋಗಿ ಬನ್ನಿ. ಅದು ನಮ್ಮ ಅಂಗಳ ಕಣ್ರೀ" ಅಂದರು.

ಮೂವತ್ತು ವರ್ಷದ ನೆರೆಹೊರೆ ನಮ್ಮದು. ಸಾಗರದ ಕಡೆಯವರು ಅಂತ ಮಾತ್ರ ಅವರು ಹೇಳಿದ್ದರು. ಅವತ್ತು ಕಲ್ಲಿನ ಮೇಲೆ ಕೂತು ಉಳಿದದ್ದನ್ನು ಹೇಳಿದರು. ಲಿಂಗನಮಕ್ಕಿಯ ನೀರು ಏರಿದಾಗ ಅವರಿಗೆ ಹತ್ತು ಹನ್ನೊಂದು ವರ್ಷ. ಅಪ್ಪ ಮನೆಯ ಬಾಗಿಲನ್ನು ಚೌಕಟ್ಟಿನ ಸಮೇತ ಬಿಚ್ಚಿ ಲಾರಿಗೆ ಹೇರಿದರು. ಹಂಚು, ಒರಳು, ಒಂದು ಹಸು, ಅಜ್ಜಿ. ಶರಾವತಿ ಯೋಜನೆಯಲ್ಲಿ ಮನೆ ಹೊಲ ಕಳೆದುಕೊಂಡ ಎಷ್ಟೋ ಸಂಸಾರಗಳ ಹಾಗೆ ಅವರೂ ಶಿವಮೊಗ್ಗ ತಾಲ್ಲೂಕಿಗೆ ಬಂದು ಕಾಡಿನಂಚಿನಲ್ಲಿ ಮೊದಲಿನಿಂದ ಶುರು ಮಾಡಿದರು. ಆ ನೀರಿನಿಂದ ಬಂದ ವಿದ್ಯುತ್ತಿನಲ್ಲಿ ರಾಜ್ಯವೆಲ್ಲ ಬೆಳಗಿತು. ಅವರ ಹೊಸ ಮನೆಗೆ ದೀಪ ಬರಲು ಮಾತ್ರ ವರ್ಷಗಳು ಹಿಡಿದವು. "ಆಮೇಲೆ ನಾನು ಆ ನೀರಿಗೆ ಕಾಲಿಟ್ಟಿಲ್ಲ. ಮಕ್ಕಳು ಕುಣಿಯಲಿ, ಬೇಡ ಅನ್ನೋದಿಲ್ಲ. ನೋಡೋಕೆ ನನ್ನನ್ನ ಕರೀಬೇಡಿ" ಅಂದರು.

ನಾನು ಮತ್ತೆ ಕರೆಯಲಿಲ್ಲ. ಕರೆದದ್ದು ಮೊಮ್ಮಕ್ಕಳು. ದಸರಾ ರಜೆಗೆ ಬಂದಿದ್ದಾಗ ಅವರ ಜಗಲಿಯ ಮೇಲೆ ಕೂತು ಮೊಮ್ಮಗಳು ಕೇಳಿದ್ದು ದೊಡ್ಡವರಾರೂ ಕೇಳದ ಪ್ರಶ್ನೆ: "ಮೇಷ್ಟ್ರಜ್ಜ, ನಿಮ್ಮ ಮನೆ ಎಷ್ಟು ಅಡಿ ಕೆಳಗಿದೆ?"

ಮೇಷ್ಟ್ರು ಗಣಿತದವರು. ಲೆಕ್ಕ ಕೇಳಿದರೆ ಸುಮ್ಮನಿರಲಾರರು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅದು ಈ ಜಿಲ್ಲೆಯಲ್ಲಿ ಪತ್ರಿಕೆ ಓದುವವರಿಗೆಲ್ಲ ಬಾಯಿಪಾಠ. ಮನೆಯ ಹಿಂದಿನ ಗುಡ್ಡದ ನೆತ್ತಿ ಈಗ ನಡುಗಡ್ಡೆಯಾಗಿರಬೇಕು, ಗುಡ್ಡ ಹತ್ತಲು ತನಗೆ ಇಷ್ಟು ಹೊತ್ತು ಬೇಕಾಗಿತ್ತು, ಮನೆ ಇದ್ದದ್ದು ಬುಡದಲ್ಲಿ, ಹೀಗೆ ಸ್ಲೇಟಿನ ಮೇಲೆ ಗುಣಿಸಿ ಭಾಗಿಸಿ, "ತೊಂಬತ್ತು ಅಡಿ ಇರಬಹುದು ಪುಟ್ಟಿ" ಅಂದರು. ಆಮೇಲೆ ನಕ್ಷೆ ಬರೆದರು. ಇಲ್ಲಿ ಅಡಿಕೆ ತೋಟ, ಇಲ್ಲಿ ಭೂತಪ್ಪನ ಕಲ್ಲು, ಇಲ್ಲಿ ಶಾಲೆಗೆ ಹೋಗುವ ಸಂಕ. ಆ ಕಡೆ ಹಿರೇಭಾಸ್ಕರ ಅಣೆಕಟ್ಟು. ಮಡೆನೂರು ಅಣೆಕಟ್ಟು ಅಂತ ಜನ ಕರೆಯುವುದು. ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಕಟ್ಟಿದ್ದು. ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೇ ಮುಳುಗಿಹೋಯಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಎದ್ದು ಕಾಣುತ್ತದೆ. ಅಣೆಕಟ್ಟನ್ನೂ ಮುಳುಗಿಸಿದ ಅಣೆಕಟ್ಟು ಅಂದಾಗ ಮಕ್ಕಳ ಬಾಯಿ ತೆರೆದೇ ಇತ್ತು.

"ನಕ್ಷೆ ನೀವೇ ಹಿಡ್ಕೊಂಡು ತೋರಿಸ್ಬೇಕು. ನಮಗೆ ತಿಳಿಯಲ್ಲ" ಅಂದಳು ಮೊಮ್ಮಗಳು. ಮೇಷ್ಟ್ರು ಒಳಗೆ ಹೋಗಿ ನೀರು ಕುಡಿದು ಬಂದರು. "ಜಾಕೆಟ್ ಹಾಕ್ಕೊಂಡ್ರೆ ಮುಳುಗೋದಿಲ್ಲ ಅನ್ನೋದು ಖಾತ್ರಿಯೇನ್ರೀ?" ಅಂತ ನನ್ನನ್ನು ಕೇಳಿದರು.

ಅದನ್ನು ನೋಡಿಯೇ ಬಿಡೋಣ ಅಂತ ಮಾರನೆಯ ದಿನ ಶಿವಮೊಗ್ಗದ ಒಂದು ಈಜುಕೊಳಕ್ಕೆ ಹೋದೆವು. ಲೆಕ್ಕ ಸರಳ. ನೀರೊಳಗೆ ನಮ್ಮ ದೇಹದ ತೂಕವನ್ನು ಬಹುಪಾಲು ನೀರೇ ಹೊರುತ್ತದೆ. 70 ಕಿಲೋ ತೂಗುವ ದೊಡ್ಡವರ ತಲೆ ಮೇಲಿರಲು ಜಾಕೆಟ್ ಹೊರಬೇಕಾದದ್ದು ನಾಲ್ಕೈದು ಕಿಲೋ ಅಷ್ಟೇ. ಆದರೆ ಅದು ಮೈಗೆ ಸರಿಯಾಗಿ ಕೂತಿರಬೇಕು. ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಬಂತೆಂದರೆ ಅದು ದೊಡ್ಡದಾಯಿತು, ಬೇರೆ ಕೇಳಿ. ದೊಡ್ಡವರ ಜಾಕೆಟ್ಟನ್ನು ಮಕ್ಕಳಿಗೆ ತೊಡಿಸಿದರೆ ಜಾಕೆಟ್ ತೇಲುತ್ತದೆ, ಮಗು ಅದರ ಅಡಿಯಿಂದ ಜಾರುತ್ತದೆ.

ಮೇಷ್ಟ್ರು ಮೆಟ್ಟಿಲು ಮೆಟ್ಟಿಲಾಗಿ ಇಳಿದರು. ಸೊಂಟದವರೆಗೆ ಬಂದಾಗ ಕಂಬಿ ಬಿಡಲು ಹತ್ತು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಬಿಟ್ಟರು, ತೇಲಿದರು, ಕಣ್ಣು ಮುಚ್ಚಿಯೇ ಇದ್ದರು. ಕಾರ್ಖಾನೆಯ ಗೆಳೆಯರು ದಡದಿಂದ, "ಕಬ್ಬಿಣವನ್ನೇ ತೇಲಿಸ್ತಾರೆ ಮೇಷ್ಟ್ರೇ, ನೀವೇನು!" ಅಂದಾಗ ನಗು ಬಂದು ಒಂದು ಗುಟುಕು ನೀರು ಕುಡಿದರು.

ಈಗ ನನ್ನ ನೋಟ್‌ಬುಕ್ಕಿನ ಬಲಗಡೆ ತುಂಬುತ್ತ ಬಂದಿದೆ. ಹೊನ್ನೆಮರಡಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ಮಕ್ಕಳ ಅಳತೆಯ ಜಾಕೆಟ್ ಇದೆಯೇ, ಎಷ್ಟು ಮಕ್ಕಳಿಗೆ ಒಬ್ಬ ತರಬೇತುದಾರರು, ಗಾಳಿ ಎದ್ದರೆ ವಾಪಸ್ ಎನ್ನುವ ಮಾತು ಯಾರದ್ದು. ನೀವು ಎಲ್ಲಿಗೆ ಹೋದರೂ ಈ ಮೂರನ್ನು ಕೇಳಿ. ಉತ್ತರಕ್ಕೆ ತಡವರಿಸಿದರೆ ದಡದಲ್ಲೇ ಬುತ್ತಿ ಬಿಚ್ಚಿ ಊಟ ಮಾಡಿ ಬನ್ನಿ. ಮಳೆಗಾಲದ ನೀರಿನ ಸೆಳೆತ ಕಳೆದಿರಬೇಕು, ಬೊಡ್ಡೆಗಳು ಆಳದಲ್ಲಿರಬೇಕು, ಅದಕ್ಕೇ ಡಿಸೆಂಬರ್. ಮಗನೂ ಬ್ಯಾಂಕಿನವನೇ, ಅದಕ್ಕೇ ನಾಲ್ಕನೇ ಶನಿವಾರ. ನಮ್ಮ ಕಾಲದಲ್ಲಿ ಶನಿವಾರ ಅರ್ಧ ದಿನವಾದರೂ ಕೌಂಟರಿನಲ್ಲಿ ಕೂರಲೇಬೇಕಿತ್ತು ಅಂತ ಅವನಿಗೆ ಹೇಳುವುದನ್ನು ಬಿಟ್ಟಿದ್ದೇನೆ.

ಹಿತ್ತಲಿನಲ್ಲಿ ದಿನಾ ಸಂಜೆ ಹಗ್ಗ ಎಸೆಯುವ ಅಭ್ಯಾಸ ನಡೆಯಬೇಕೆಂದು ಮೊಮ್ಮಕ್ಕಳಿಗೆ ಬೆಂಗಳೂರಿಗೂ ಹೇಳಿಯಾಗಿದೆ. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಹಗ್ಗ ಕಟ್ಟಿ, ಹತ್ತು ಮಾರು ದೂರದ ಕುರ್ಚಿಯ ಹತ್ತಿರ ಬೀಳುವಂತೆ ಎಸೆಯುವುದು. ನೀರಿಗೆ ಬಿದ್ದವರನ್ನು ಕಂಡರೆ ಕೂಗಬೇಕು, ಕೋಲು ಚಾಚಬೇಕು, ಕ್ಯಾನು ಎಸೆಯಬೇಕು. ಹಿಂದೆಯೇ ಹಾರಬಾರದು, ಈಜು ಬಂದರೂ. ನಮ್ಮ ಕೆರೆ ಹೊಳೆಗಳಲ್ಲಿ ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಹೋದ ಸುದ್ದಿಯನ್ನು ಪ್ರತಿ ಬೇಸಿಗೆ ರಜೆಯಲ್ಲೂ ಪೇಪರಿನಲ್ಲಿ ಓದುತ್ತೇವೆ.

ಬೆಳಿಗ್ಗೆ ಐದೂವರೆಗೆ ಗಾಡಿ. ಆನಂದಪುರದಲ್ಲಿ ಚಹಾ. ಗಾಳಿ ಏಳುವ ಮೊದಲು, ಅಂದರೆ ಮಧ್ಯಾಹ್ನದೊಳಗೆ ನೀರಿನ ಆಟ ಮುಗಿಯಬೇಕು, ಊಟ ಆಮೇಲೆ. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಚಿತ್ರಾನ್ನ, ದೊಡ್ಡ ಕ್ಯಾನಿನಲ್ಲಿ ಮಜ್ಜಿಗೆ. ಪ್ಲಾಸ್ಟಿಕ್ ತಟ್ಟೆ ಬೇಡ, ಬಾಳೆಲೆ. ಮೇಷ್ಟ್ರ ಹೆಂಡತಿ ಕೆಸುವಿನೆಲೆಯ ಪತ್ರೊಡೆ ಮಾಡಿಕೊಡುತ್ತಾರಂತೆ.

ಪಟ್ಟಿಯ ಕೊನೆಗೆ ಮೇಷ್ಟ್ರು ತಾವೇ ಪೆನ್ನು ಇಸಿದುಕೊಂಡು ಒಂದು ಸಾಲು ಸೇರಿಸಿದ್ದಾರೆ: 'ಹರಿಗೋಲು, ಗುಡ್ಡದ ನೆತ್ತಿಯ ನಡುಗಡ್ಡೆಯವರೆಗೆ, ಹುಟ್ಟು ನಿಧಾನ.' ಅದರ ಮುಂದೆ, ಬಲಗಡೆ, ತರಬೇತುದಾರರನ್ನು ಕೇಳಿ 'ಆಗಬಹುದು' ಅಂತ ಬರೆದಿದ್ದೇನೆ. ಹದಿಮೂರು ಜನರಲ್ಲಿ ಹತ್ತು ಜನರ ಗಾಡಿ ಬಾಡಿಗೆಯ ದುಡ್ಡು ಕೈ ಸೇರಿದೆ. ಉಳಿದ ಮೂವರು ಯಾರು ಅಂತ ಅವರಿಗೂ ಗೊತ್ತು, ಈ ಪತ್ರಿಕೆ ಅವರ ಮನೆಗೂ ಬರುತ್ತದೆ.